ರೋಗಿ ತೀರಿಕೊಂಡ ದಿನವೇ ಕಡತ ಮುಚ್ಚಬೇಡಿ

ಕೇರಳದ ಆರೋಗ್ಯ ಸಚಿವರಿಗೆ, ಕಾಸರಗೋಡು ಜಿಲ್ಲಾ ಪಂಚಾಯತಿಗೆ, ಜಿಲ್ಲಾ ವೈದ್ಯಾಧಿಕಾರಿಗಳಿಗೆ ಹಾಗೂ ಗಡಿನಾಡಿನ ಎಲ್ಲ ಗ್ರಾಮ ಪಂಚಾಯತ್ ಸದಸ್ಯರಿಗೆ

ಮಾನ್ಯರೇ,

ಪಾಲಿಯೇಟಿವ್ ಆರೈಕೆಗೆಂದೇ, ಅಂದರೆ ಗುಣವಾಗದ ಕಾಯಿಲೆಯವರ ನೋವು, ಸಂಕಟ ಇಳಿಸುವ ಆರೈಕೆಗೆಂದೇ, ಸರಕಾರಿ ನೀತಿ ತಂದ ಮೊದಲ ರಾಜ್ಯ ಕೇರಳ. ಅದು 2008ರ ಮಾತು. ಅದಕ್ಕೂ ಹದಿನೈದು ವರ್ಷ ಮೊದಲು, 1993ರಲ್ಲಿ, ಕೋಯಿಕ್ಕೋಡಿನಲ್ಲಿ ಈ ಕೆಲಸ ಶುರುವಾಗಿತ್ತು. ಅದರ ಫಲವಾಗಿ ಇವತ್ತು ವರ್ಕಾಡಿ, ಪೈವಳಿಕೆ, ಎಣ್ಮಕಜೆ, ಬೆಳ್ಳೂರಿನಂಥ ಊರುಗಳಲ್ಲೂ ಪಂಚಾಯತಿನ ಗಾಡಿಯಲ್ಲಿ ನರ್ಸ್ ಮನೆಯಂಗಳಕ್ಕೇ ಬರುತ್ತಾರೆ. ಇದರ ಬೆಲೆ ನಮಗೆ ಗೊತ್ತಿದೆ, ಏಕೆಂದರೆ ಆ ಗಾಡಿಯಲ್ಲಿ ಬರುವವರು ನಾವೇ: ಮನೆ ಆರೈಕೆಯ ನರ್ಸುಗಳು, ಆಶಾ ಕಾರ್ಯಕರ್ತೆಯರು, ಸ್ವಯಂಸೇವಕರು.

ಈ ಪತ್ರ ಎರಡು ವಿಷಯಕ್ಕೆ. ಕ್ಯಾನ್ಸರ್ ರೋಗಿ ತೀರಿಕೊಂಡ ದಿನ ಪಟ್ಟಿಯಿಂದ ಹೆಸರು ಹೋಗುತ್ತದೆ, ಗಾಡಿ ಆ ಮನೆಯ ದಾರಿ ಬಿಡುತ್ತದೆ. ಇದು ಒಂದು. ಮತ್ತೊಂದು, ಕನ್ನಡ ತುಳು ಮಾತಾಡುವ ಮನೆಗಳಲ್ಲಿ ದುಃಖದ ಮಾತು ಆಡುವುದಕ್ಕೆ ನರ್ಸಿಗೆ ಭಾಷೆಯೇ ಇಲ್ಲದಿರುವ ಸ್ಥಿತಿ. ಲೆಕ್ಕ ಕೇಳುವಾಗ ಡ್ರೆಸ್ಸಿಂಗ್ ಎಷ್ಟು, ಕ್ಯಾಥೆಟರ್ (ಮೂತ್ರದ ನಳಿಗೆ) ಬದಲಾಯಿಸಿದ್ದು ಎಷ್ಟು, ಮೂಗಿನ ನಳಿಗೆ ಎಷ್ಟು ಎಂದು ಕೇಳುತ್ತೀರಿ. ಹೆಂಡತಿಯನ್ನು ಕಳೆದುಕೊಂಡು ಜಗಲಿಯಲ್ಲಿ ಕುಳಿತವನ ಪಕ್ಕ ಮುಕ್ಕಾಲು ಗಂಟೆ ಕುಳಿತದ್ದನ್ನು ಯಾವ ಸಾಲಿನಲ್ಲಿ ಬರೆಯುವುದು?

ದುಃಖಕ್ಕೆ ಜೊತೆಯಾಗುವುದು ಎಂದರೆ ಬೆನ್ನು ತಟ್ಟಿ ಎರಡು ಒಳ್ಳೆಯ ಮಾತು ಹೇಳಿ ಬರುವುದು ಎಂಬ ಭಾವನೆ ಕಚೇರಿಗಳಲ್ಲಿ ಉಂಟು. ಅದಕ್ಕೇ ಈ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇವೆ.

ಶುರುವಾಗುವುದು ನೋವಿನಿಂದ. ಹತ್ತರಲ್ಲಿ ಎಂಟರಷ್ಟು ನೋವಿರುವವರ ಹತ್ತಿರ ಮನಸ್ಸಿನ ವಿಷಯ ಎತ್ತಿದರೆ ಸಿಟ್ಟು ಬರುತ್ತದೆ, ಬರಬೇಕಾದ್ದೇ. ಡಾಕ್ಟರು ಬರೆದ ಮಾರ್ಫಿನ್ ಎಂಬ ನೋವಿನ ಮಾತ್ರೆ ನಾಲ್ಕು ಗಂಟೆಗೊಮ್ಮೆ ಹೋಗಬೇಕು: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿ ಎಬ್ಬಿಸುವುದು ಬೇಡವೆಂದು ರಾತ್ರಿ ಹತ್ತರದ್ದನ್ನು ಸಾಮಾನ್ಯವಾಗಿ ದುಪ್ಪಟ್ಟು ಬರೆದಿರುತ್ತಾರೆ. ನೋವು ಬಂದಾಗ ಮಾತ್ರ ಕೊಡುವುದು ಮನೆಯವರು ಮಾಡುವ ಮೊದಲ ತಪ್ಪು. ಎರಡನೆಯದು, ಹೊಟ್ಟೆ ಸಡಿಲವಾಗುವ ಮದ್ದನ್ನು ಬಿಡುವುದು. ಮಾರ್ಫಿನ್ ಶುರುವಾದ ದಿನವೇ ಅದೂ ಶುರುವಾಗಬೇಕು. ನಾಲ್ಕು ದಿನ ಹೊಟ್ಟೆ ಕಟ್ಟಿದರೆ ಮನೆಯವರು ಮಾರ್ಫಿನ್ನನ್ನೇ ನಿಲ್ಲಿಸುತ್ತಾರೆ, ಅಲ್ಲಿಗೆ ಎಲ್ಲವೂ ಮೊದಲಿಗೆ ಬಂತು.

ನೋವಿನ ಬೆನ್ನಿಗೇ ವಾಸನೆ. ಎಲೆ, ಅಡಿಕೆ, ಹೊಗೆಸೊಪ್ಪಿನ ನಾಡು ನಮ್ಮದು. ಕೆನ್ನೆ, ನಾಲಗೆ, ದವಡೆಯ ಕ್ಯಾನ್ಸರ್ ನಾವು ದಿನಾ ನೋಡುವಂಥದ್ದು. ಗಾಯ ಹೊರಗೊಡೆದು ವಾಸನೆ ಬಂದರೆ ರೋಗಿಯ ಮಂಚ ಹಿಂದಿನ ಕೋಣೆಗೆ ಹೋಗುತ್ತದೆ. ಮೊಮ್ಮಕ್ಕಳು ಬಾಗಿಲ ತನಕ ಬಂದು ಓಡುತ್ತಾರೆ. ಊಟದ ತಟ್ಟೆ ಬೇರೆಯಾಗುತ್ತದೆ. ಬದುಕಿರುವಾಗಲೇ ಮನೆಯಿಂದ ಹೊರಗಾದೆ ಎಂಬ ಅವರ ಸಂಕಟಕ್ಕೆ ಮದ್ದು ಅರ್ಧಪಾಲು ಡ್ರೆಸ್ಸಿಂಗ್ ಪೆಟ್ಟಿಗೆಯಲ್ಲೇ ಇದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು. ಹಳೆಯ ಗಾಜ್ ಬಟ್ಟೆಯನ್ನು ಆ ನೀರಿನಲ್ಲಿ ಚೆನ್ನಾಗಿ ನೆನೆಸಿ ಬಿಡಿಸಬೇಕು, ಒಣಗಿದ್ದನ್ನು ಕಿತ್ತರೆ ರಕ್ತ ಒಸರುತ್ತದೆ. ಮತ್ತೆ ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಿ, ಹೊಸ ಗಾಜ್ ಇಡುವುದು. ದಿನಕ್ಕೊಮ್ಮೆ ಹೀಗೆ ಮಾಡಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಮಂಚ ಮತ್ತೆ ಚಾವಡಿಗೆ ಬಂದ ಮನೆಯಲ್ಲಿ ಮಾತು ತಾನಾಗಿ ಬರುತ್ತದೆ. ವರದಿಯಲ್ಲಿ ಮಾತ್ರ ಅದು "ಡ್ರೆಸ್ಸಿಂಗ್ ಒಂದು" ಎಂದಷ್ಟೇ.

ಆಮೇಲೆ ಬರುವುದು ಗುಟ್ಟಿನ ಪ್ರಶ್ನೆ. ಗಾಡಿ ನಿಂತ ಕೂಡಲೇ ಮಗ ಅಂಗಳಕ್ಕಿಳಿದು ಬರುತ್ತಾನೆ: "ಸಿಸ್ಟರ್, ಅಪ್ಪನಿಗೆ ಗೊತ್ತಿಲ್ಲ. ಗ್ಯಾಸ್ ಅಂತ ಹೇಳಿದ್ದೇವೆ. ನೀವು ಹೇಳ್ಬೇಡಿ ಆಯ್ತಾ?" ಇಲ್ಲಿ ಹೊಸ ನರ್ಸುಗಳು ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು "ಆಯ್ತು" ಎಂದುಬಿಡುತ್ತಾರೆ. ಮರುವಾರ ರೋಗಿ ಕೈ ಹಿಡಿದು ಕೇಳಿದಾಗ ಸುಳ್ಳು ಹೇಳಬೇಕಾಗುತ್ತದೆ, ಆ ಕ್ಷಣಕ್ಕೆ ನಂಬಿಕೆ ಮುರಿಯುತ್ತದೆ. ಕೆಲವರು ರೋಗಿಯ ಹಕ್ಕು ಎಂದು ನೇರ ಒಳಗೆ ಹೋಗಿ ಹೇಳುತ್ತಾರೆ. ಆ ಮನೆಯ ಬಾಗಿಲು ಮತ್ತೆ ತೆರೆಯುವುದಿಲ್ಲ. ಸರಿಯಾದ ಕ್ರಮ ನಿಧಾನದ್ದು. ಮೊದಲು ಮಗನನ್ನು ಕೂರಿಸಿ, ಹೇಳಿದರೆ ಏನಾಗುತ್ತದೆ ಎಂದು ಹೆದರಿಕೆ ಎಂದು ಕೇಳುವುದು. ಗುಟ್ಟು ಕಾಯುವುದು ಅವನಿಗೆಷ್ಟು ಕಷ್ಟವಾಗಿದೆ ಎಂದು ಕೇಳುವುದು. ಮತ್ತೆ ಒಂದು ಒಪ್ಪಂದ: "ನಾನಾಗಿ ಹೇಳುವುದಿಲ್ಲ. ಅವರಾಗಿ ಕೇಳಿದರೆ ಸುಳ್ಳು ಹೇಳುವುದೂ ಇಲ್ಲ. ಅವರಿಗೆ ಏನು ಗೊತ್ತುಂಟು ಅಂತ ಒಮ್ಮೆ ಕೇಳಲಾ?" ಒಳಗೆ ಹೋಗಿ, ಮಂಚದ ಎತ್ತರಕ್ಕೆ ಕುಳಿತು, "ಮಂಗಳೂರಿನಲ್ಲಿ ಡಾಕ್ಟರು ಏನು ಹೇಳಿದ್ರು? ನಿಮಗೆ ಏನನಿಸ್ತದೆ?" ಎಂದು ಕೇಳಿ ಸುಮ್ಮನಿರಬೇಕು. ಎಷ್ಟೋ ಸಲ ಬರುವ ಉತ್ತರ: "ನನಗೆ ಗೊತ್ತುಂಟು. ಮಕ್ಕಳಿಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ಈ ಮಾತುಕತೆ ದುಭಾಷಿಯ ಮೂಲಕ ನಡೆಯುವುದನ್ನು ಒಮ್ಮೆ ನೀವು ಊಹಿಸಿ ನೋಡಬೇಕು. ನರ್ಸ್ ಮಲಯಾಳದಲ್ಲಿ ಕೇಳುತ್ತಾರೆ, ಗುಟ್ಟು ಕಾಯುತ್ತಿರುವ ಅದೇ ಮಗ ತುಳುವಿಗೆ ತಿರುಗಿಸುತ್ತಾನೆ. ಪ್ರಶ್ನೆ ಅರ್ಧವಾಗುತ್ತದೆ, ಉತ್ತರ ರೋಗಿಯ ಬಾಯಿ ತೆರೆಯುವ ಮೊದಲೇ ಮಗನಿಂದ ಬರುತ್ತದೆ. ನೋವು ಕಡಿಮೆ ಉಂಟಾ ಎಂದರೆ "ಹ್ಞಾಂ, ಪರವಾಗಿಲ್ಲ". ಭಯ ಉಂಟಾ ಎಂಬುದನ್ನು ಕೇಳುವುದೇ ಇಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳೇ ದುಭಾಷಿ. ಹನ್ನೆರಡು ವರ್ಷದ ಹುಡುಗಿಯ ಬಾಯಲ್ಲಿ ಅಜ್ಜಿಗೆ ಸಾವಿನ ಸುದ್ದಿ ಹೇಳಿಸುವುದು ಯಾವ ಆರೈಕೆ?

ಮಂಜೇಶ್ವರ, ಕಾಸರಗೋಡು ತಾಲೂಕುಗಳ ಮನೆಗಳಲ್ಲಿ ಕನ್ನಡ ಮಾತ್ರವಲ್ಲ, ತುಳು, ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಇವೆ. ಎಲ್ಲ ಭಾಷೆ ಬಲ್ಲ ನರ್ಸನ್ನು ತನ್ನಿ ಎಂದು ನಾವು ಕೇಳುವುದಿಲ್ಲ. ದಕ್ಷಿಣದ ಜಿಲ್ಲೆಗಳಿಂದ ಬಂದ ನರ್ಸುಗಳ ಮೇಲೆ ದೂರೂ ಇಲ್ಲ. ಅವರಲ್ಲಿ ಕೆಲವರು ಒಂದೇ ವರ್ಷದಲ್ಲಿ ಚೆಂದದ ತುಳು ಕಲಿತಿದ್ದಾರೆ. ನಮ್ಮ ಬೇಡಿಕೆ ಇಷ್ಟೇ: ಗಾಡಿಯಲ್ಲಿ ಹೋಗುವ ತಂಡದಲ್ಲಿ ಆ ಮನೆಯ ಮಾತು ಬಲ್ಲ ಒಬ್ಬರಾದರೂ ಇರಲಿ. ಅವರು ಆ ಮನೆಯ ನೆಂಟರಾಗಿರಬಾರದು. ಅವರಿಗೆ ತಿರುಗಿಸಿ ಹೇಳುವ ತರಬೇತಿ ಒಂದು ದಿನವಾದರೂ ಕೊಡಿ: ರೋಗಿ ನರ್ಸಿನ ಮುಖವನ್ನೇ ನೋಡುವ ಹಾಗೆ ಸ್ವಲ್ಪ ಹಿಂದೆ ಕೂರುವುದು, "ಅವರು ಹೇಳ್ತಾರೆ" ಎನ್ನದೆ "ನನಗೆ" ಎಂದೇ ತಿರುಗಿಸುವುದು, ಒಂದು ವಾಕ್ಯವನ್ನೂ ನುಂಗದಿರುವುದು, ಮಧ್ಯೆ ಸಮಾಧಾನ ಹೇಳದಿರುವುದು. ಕೊನೆಯದೇ ಎಲ್ಲಕ್ಕಿಂತ ಕಷ್ಟ.

ಎಣ್ಮಕಜೆ, ಪಡ್ರೆ ಕಡೆಯ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: "ಇದು ಗೇರುತೋಟಕ್ಕೆ ಮದ್ದು ಬಿಟ್ಟದ್ದರಿಂದ ಬಂತಾ?" ಎಂಡೋಸಲ್ಫಾನ್ ಎಂಬ ಆ ಕೀಟನಾಶಕದ ಸಿಂಪಡಣೆ ಅಲ್ಲಿ ನಿಂತದ್ದು 2000ದ ಹೊತ್ತಿಗೆ, ದೇಶದಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಒಬ್ಬರ ಕ್ಯಾನ್ಸರಿಗೆ ಅದೇ ಕಾರಣ, ಅಥವಾ ಅದಲ್ಲ ಎಂದು ಹೇಳುವ ಅಧಿಕಾರ ನರ್ಸಿಗಿಲ್ಲ. ಆದರೆ "ಅದೆಲ್ಲ ಯೋಚನೆ ಮಾಡ್ಬೇಡಿ" ಎಂದರೆ ಆ ಮನೆಯ ಸಿಟ್ಟನ್ನು ಸಣ್ಣದು ಮಾಡಿದ ಹಾಗೆ. ಕೇಳಿಸಿಕೊಳ್ಳಬೇಕು, ಕಾಗದಪತ್ರ ಯಾರಿಗೆ ಕೊಡಬೇಕೆಂದು ತಿಳಿಸಬೇಕು. ಅಲ್ಲಿಯ ದುಃಖದಲ್ಲಿ ಸಿಟ್ಟು ಬೆರೆತೇ ಇರುತ್ತದೆ.

ಇನ್ನು ಕೊನೆಯ ದಿನಗಳು. ಆಗ ಮನೆಯವರಿಗೆ ಏನು ತಿಳಿಸಿದ್ದೇವೆ, ಏನು ಬಿಟ್ಟಿದ್ದೇವೆ ಎಂಬುದರ ಮೇಲೆ ಮುಂದಿನ ವರ್ಷವಿಡೀ ಅವರ ನಿದ್ದೆ ನಿಂತಿರುತ್ತದೆ. ಹೆಚ್ಚಿನ ಪಶ್ಚಾತ್ತಾಪ ಮೂರು ವಿಷಯಗಳ ಸುತ್ತ.

ಮೊದಲನೆಯದು ಊಟ. "ಗಂಜಿ ತೆಳಿ ಕೂಡ ಇಳಿಯಲಿಲ್ಲ, ಹಸಿವಿನಲ್ಲೇ ಹೋದ್ರು" ಎಂಬ ಕೊರಗು. ದೇಹ ನಿಲ್ಲುತ್ತಾ ಬರುವಾಗ ಹಸಿವೂ ಬಾಯಾರಿಕೆಯೂ ತಾವಾಗಿ ಇಳಿಯುತ್ತವೆ. ಒತ್ತಾಯಕ್ಕೆ ಕೊಟ್ಟದ್ದು ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟಿಸುತ್ತದೆ. ಇದನ್ನು ಮೊದಲೇ ಹೇಳಿ, ಕೈಗೆ ಬೇರೆ ಕೆಲಸ ಕೊಡಬೇಕು: ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಅಡಿಗೆ ಸೋಡಾ, ಒಂದು ಟೀ ಚಮಚ ಉಪ್ಪು, ಬೆರಳಿಗೆ ಸುತ್ತಿದ ಮೆತ್ತಗಿನ ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ ಬಾಯಿ ಒರೆಸುವುದು, ತುಟಿಗೆ ಸ್ವಲ್ಪ ತೆಂಗಿನೆಣ್ಣೆ. ಎರಡು ಗಂಟೆಗೊಮ್ಮೆ. ಗಂಗಾಜಲವೋ ಝಂಝಂ ನೀರೋ ಬಿಡುವ ಆಸೆಯಿದ್ದರೆ ನಾಲ್ಕು ಹನಿ, ತಲೆ ಒಂದು ಬದಿಗೆ ತಿರುಗಿಸಿ. ಏನಾದರೂ ಮಾಡಿದೆವು ಎಂಬ ಸಮಾಧಾನ ಆ ಕೈಗಳಿಗೆ ಬೇಕು.

ಎರಡನೆಯದು ಗೊರಗೊರ ಶಬ್ದ. ನುಂಗಲಾಗದ ಜೊಲ್ಲು ಗಂಟಲಲ್ಲಿ ನಿಂತು ಉಸಿರಿನ ಜೊತೆ ಸದ್ದು ಮಾಡುತ್ತದೆ. ಮನೆಯವರಿಗೆ ಅದು ಉಸಿರು ಕಟ್ಟಿ ಒದ್ದಾಡುವ ಹಾಗೆ ಕೇಳಿಸುತ್ತದೆ. ಆ ಹೊತ್ತಿಗೆ ರೋಗಿಗೆ ಸಾಮಾನ್ಯವಾಗಿ ಅರಿವಿರುವುದಿಲ್ಲ. ಒಂದು ಮಗ್ಗುಲಿಗೆ ಮಲಗಿಸಿ, ತಲೆ ಸ್ವಲ್ಪ ಎತ್ತರಿಸಿದರೆ ಅರ್ಧ ಕಡಿಮೆಯಾಗುತ್ತದೆ. ಡಾಕ್ಟರ ಸೂಚನೆಯಿದ್ದರೆ ಜೊಲ್ಲು ಕಡಿಮೆ ಮಾಡುವ ಹಯೋಸಿನ್ ಇಂಜೆಕ್ಷನ್. ಇದನ್ನು ಮೊದಲೇ ಹೇಳದ ಮನೆಯವರು ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಕರೆಯುತ್ತಾರೆ. ಮಂಗಳೂರಿನ ದಾರಿಯಲ್ಲಿ ಗಡಿಯ ತಲಪಾಡಿ ದಾಟುವುದರೊಳಗೆ ಗಾಡಿಯಲ್ಲೇ ಪ್ರಾಣ ಹೋಗುತ್ತದೆ. ಮನೆಯಲ್ಲೇ ಇರಬೇಕೆಂದು ಅಪ್ಪ ಹೇಳಿದ್ದರಲ್ಲ ಎಂಬ ಕೊರಗು ಉಳಿಯುತ್ತದೆ. ಮರಣ ನೋಂದಣಿಯ ಗೋಜಲು ಬೇರೆ: ಓಡುತ್ತಿರುವ ವಾಹನದಲ್ಲಿ ಸಾವಾದರೆ ಅದು ಮೊದಲು ನಿಂತ ಸ್ಥಳದಲ್ಲಿ ನೋಂದಣಿಯಾಗಬೇಕು. ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ನೋಂದಣಿ ಅಲ್ಲಿಯೇ, ಮನೆಯಲ್ಲಾದರೆ ನಮ್ಮ ಪಂಚಾಯತಿನಲ್ಲಿ. ಯಾವುದಾದರೂ 21 ದಿನದೊಳಗೆ. ದುಃಖದಲ್ಲಿರುವವರಿಗೆ ಇದನ್ನು ಕಾಗದದಲ್ಲಿ ಕನ್ನಡದಲ್ಲಿ ಬರೆದು ಕೊಡಬೇಕು, ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಆಳ: "ನಾನು ಆ ಮಾತ್ರೆ ಕೊಟ್ಟೆ, ಅರ್ಧ ಗಂಟೆಯಲ್ಲಿ ಹೋದ್ರು." ನಾಲ್ಕು ಗಂಟೆಗೊಮ್ಮೆ ಕೊಡುವ ಮದ್ದಿನಲ್ಲಿ ಯಾವುದೋ ಒಂದು ಕೊನೆಯದಾಗಲೇಬೇಕು. ಇದನ್ನು ಸಾವಿನ ನಂತರ ವಿವರಿಸಿದರೆ ಸಮಾಧಾನಕ್ಕೆ ಹೇಳಿದ ಹಾಗಾಗುತ್ತದೆ, ಯಾರೂ ನಂಬುವುದಿಲ್ಲ. ನೋವಿಗೆ ತಕ್ಕ ಅಳತೆಯಲ್ಲಿ ಕೊಡುತ್ತಾ ಬಂದ ಮಾರ್ಫಿನ್ ಸಾವನ್ನು ತರುವುದಿಲ್ಲ, ಕೊನೆಯ ಮಾತ್ರೆ ಯಾರ ಕೈಯಿಂದಲಾದರೂ ಹೋಗಬಹುದು ಎಂದು ಒಂದು ವಾರ ಮೊದಲೇ, ಎಲ್ಲರೂ ಕುಳಿತಿರುವಾಗ ಹೇಳಬೇಕು. ಸೊಸೆಯೊಬ್ಬಳೇ ಮದ್ದು ಕೊಡುವ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಬೊಜ್ಜದ (ಉತ್ತರಕ್ರಿಯೆಯ) ಮನೆಯಲ್ಲಿ ಯಾರಾದರೂ ಒಂದು ಮಾತು ಎಸೆದರೆ ಅದನ್ನು ಹೊರುವವಳು ಅವಳು.

ಕುತ್ತಿಗೆ, ಬಾಯಿಯ ಗಾಯವಿರುವಲ್ಲಿ ಒಮ್ಮೆಲೇ ರಕ್ತ ಹರಿಯಬಹುದು. ಅಪರೂಪ, ಆದರೆ ಕಂಡವರು ಮರೆಯುವುದಿಲ್ಲ. ಕಡುಗೆಂಪು ಅಥವಾ ಕಡುನೀಲಿ ಬಣ್ಣದ ಎರಡು ದೊಡ್ಡ ಟವೆಲು ಮಂಚದ ಪಕ್ಕದಲ್ಲೇ ಇರಲಿ ಎನ್ನುತ್ತೇವೆ. ಬಿಳಿ ಬಟ್ಟೆಯಲ್ಲಿ ರಕ್ತ ಹತ್ತು ಪಾಲು ಕಾಣುತ್ತದೆ. ಗಾಯವನ್ನು ಒತ್ತಿ ಹಿಡಿದು, ಒಂದು ಬದಿಗೆ ಮಲಗಿಸಿ, ಪಕ್ಕ ಕೂರಬೇಕು. ಫೋನಿಗೆ ಓಡುವುದು ಎರಡನೆಯವರ ಕೆಲಸ. ಮಕ್ಕಳನ್ನು ಯಾರು ಹೊರಗೆ ಕರೆದೊಯ್ಯುತ್ತಾರೆ ಎಂಬುದೂ ಮೊದಲೇ ತೀರ್ಮಾನವಾಗಿರಲಿ.

ಸಾವಿನ ದಿನದ ಸಣ್ಣ ವಿಷಯಗಳೂ ಮನೆಯವರಿಗೆ ದೊಡ್ಡವು. ಕ್ಯಾಥೆಟರ್ ಎಳೆಯಬಾರದು, ಒಳಗೆ ಬಲೂನಿದೆ. ಸಿರಿಂಜಿನಲ್ಲಿ ಅದರ ನೀರು ತೆಗೆದ ಮೇಲೆ ಅದಾಗಿ ಜಾರಿ ಬರುತ್ತದೆ. ಕಣ್ಣು ಮುಚ್ಚುವುದು, ಗಲ್ಲದ ಕೆಳಗೆ ಬಟ್ಟೆಯ ಸುರುಳಿ ಇಡುವುದು, ಕೈಕಾಲು ನೇರ ಮಾಡುವುದು ದೇಹ ಬಿಗಿಯುವ ಮೊದಲು ಆಗಬೇಕು. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಬರೆದು, ವಾಪಸ್ ತರಬೇಕು. ಕಾನೂನಿಗೂ ಬೇಕು, ಜೀವವೇ ಬೇಡವೆನಿಸಿದವರು ಇರುವ ಮನೆಯಲ್ಲಿ ಅದು ಉಳಿಯಲೂ ಬಾರದು. ಮಂಚ, ಗಾಳಿ ಹಾಸಿಗೆ, ಆಕ್ಸಿಜನ್ ಯಂತ್ರವನ್ನು ಮಾತ್ರ ಅವತ್ತೇ ಎತ್ತಬೇಡಿ. ಬೇರೆ ರೋಗಿ ಕಾಯುತ್ತಿದ್ದಾರೆಂದು ನಮಗೂ ಗೊತ್ತು. ಕೆಲವು ಮನೆಗಳಲ್ಲಿ ಖಾಲಿ ಮಂಚ ಕಣ್ಣೆದುರು ಬೇಡ, ಕೆಲವದರಲ್ಲಿ ಹಾಸಿಗೆ ಮಡಚುವುದಕ್ಕೂ ಬಿಡುವುದಿಲ್ಲ. ಕೇಳಿ ತೆಗೆಯಬೇಕು.

ಈಗ ನಮ್ಮ ಮುಖ್ಯ ಬೇಡಿಕೆ. ಸಾವಿನ ನಂತರದ ಭೇಟಿಗಳನ್ನು ಕೆಲಸದ ಭಾಗವೆಂದು ಆದೇಶದಲ್ಲಿ ಬರೆಯಿರಿ. ಮೂರು ದಿನದೊಳಗೆ ಒಂದು ಫೋನ್ ಕರೆ. ಮೊದಲ ಭೇಟಿ ಉತ್ತರಕ್ರಿಯೆ ಮುಗಿದ ಮೇಲೆ, ಮೂರರಿಂದ ನಾಲ್ಕನೇ ವಾರದಲ್ಲಿ. ಹದಿಮೂರೋ ಹದಿನಾರೋ ದಿನ ಮನೆ ತುಂಬಾ ಜನ, ಆಗ ನರ್ಸಿನ ಅಗತ್ಯವಿಲ್ಲ. ಪೆರ್ಲದಲ್ಲೋ ಮೀಂಜದಲ್ಲೋ ತೋಟದ ನಡುವಿನ ಒಂಟಿಮನೆ ಖಾಲಿಯಾಗುವುದು ಆಮೇಲೆ. ಮುಸ್ಲಿಂ ಮನೆಯಲ್ಲಿ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿನಲ್ಲಿ, ಅಂದರೆ ಗಂಡ ತೀರಿಕೊಂಡ ಮೇಲೆ ಮನೆಯೊಳಗೇ ಇರುವ ಆಚರಣೆಯಲ್ಲಿ, ಇರುತ್ತಾಳೆ. ಅಲ್ಲಿಗೆ ಹೆಣ್ಣುಮಕ್ಕಳೇ ಹೋಗಬೇಕು. ಎರಡನೇ ಭೇಟಿ ಮೂರು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ವರ್ಷಾಂತಿಕದ ಹೊತ್ತಿಗೆ ಒಂದು ಕರೆ ಸಾಕು.

ಆ ಭೇಟಿಯಲ್ಲಿ ಕೊನೆಯ ದಿನದ ಕಥೆ ಹೇಳಿಸಬೇಕು, ಹೇಳಿದ್ದನ್ನೇ ಮತ್ತೆ ಹೇಳಿದರೂ ಕೇಳಬೇಕು. ಆ ಕಥೆಯೊಳಗೇ ಮಾತ್ರೆ, ಊಟ, "ಮೊದಲೇ ಕರ್ಕೊಂಡು ಹೋಗಿದ್ರೆ" ಎಂಬ ಮುಳ್ಳುಗಳು ಸಿಗುತ್ತವೆ; ವೈದ್ಯಕೀಯವಾಗಿ ತಪ್ಪಿರುವುದನ್ನು ಅಲ್ಲೇ ಬಿಡಿಸಬಹುದು. ಆರೈಕೆ ಮಾಡಿದವರ ಬಿಪಿ, ಸಕ್ಕರೆ ನೋಡಬೇಕು. ತಿಂಗಳುಗಟ್ಟಲೆ ತಮ್ಮ ಮದ್ದನ್ನೇ ಬಿಟ್ಟವರು ಅವರು. ನಿದ್ದೆ, ಊಟ, ಕುಡಿತ, ಸಾಲ ಕೇಳಬೇಕು. ವಿಧವಾ ಪಿಂಚಣಿಯ ಅರ್ಜಿ, ರೇಷನ್ ಕಾರ್ಡಿನ ತಿದ್ದುಪಡಿ ಯಾರು ಮಾಡಿಸುತ್ತಾರೆಂದು ಕೇಳಬೇಕು. "ಅಳಬೇಡಿ", "ಬಿಡುಗಡೆ ಆಯ್ತಲ್ಲ" ಎಂಬುದನ್ನು ಮನೆಯವರು ಹೇಳಬಹುದು, ನರ್ಸ್ ಹೇಳಬಾರದು. ದುಃಖ ಐದು ಹಂತಗಳಲ್ಲಿ ಸಾಗುತ್ತದೆ ಎನ್ನುವ ಪುಸ್ತಕದ ಪಟ್ಟಿ ಹಿಡಿದು ಈಗ ನೀವು ಇಂಥ ಹಂತದಲ್ಲಿದ್ದೀರಿ ಎನ್ನುವುದೂ ಬೇಡ. ದುಃಖ ಆ ಕ್ರಮದಲ್ಲಿ ಬರುವುದಿಲ್ಲ.

ಮಕ್ಕಳಿಗೆ "ಅಮ್ಮ ನಿದ್ದೆ ಮಾಡಿದ್ದಾರೆ" ಎನ್ನಬಾರದು, ಮಗು ರಾತ್ರಿ ಮಲಗಲು ಹೆದರುತ್ತದೆ. ಸತ್ತರು ಎಂದೇ ಹೇಳಬೇಕು, ಅದು ನಿನ್ನಿಂದ ಆದದ್ದಲ್ಲ ಎಂದೂ ಹೇಳಬೇಕು. ಸಣ್ಣ ಮಕ್ಕಳು ತಾವು ಹಠ ಮಾಡಿದ್ದಕ್ಕೇ ಹೀಗಾಯಿತು ಎಂದು ಒಳಗೊಳಗೇ ನಂಬುತ್ತವೆ. ಶಾಲೆಯ ಟೀಚರಿಗೆ ತಿಳಿಸಿದರೆ ಅರ್ಧ ಕೆಲಸ ಆಯಿತು.

ಹೆಚ್ಚಿನವರು ನೆಂಟರು, ನೆರೆಕರೆಯವರ ಜೊತೆಯಲ್ಲೇ ಚೇತರಿಸಿಕೊಳ್ಳುತ್ತಾರೆ; ಎಲ್ಲ ದುಃಖವೂ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೇ ಆವೃತ್ತಿ ಆರು ತಿಂಗಳು ಮೀರಿಯೂ ದೈನಂದಿನ ಬದುಕನ್ನೇ ನಿಲ್ಲಿಸುವಷ್ಟು ತೀವ್ರವಾಗಿ ಉಳಿಯುವ ದುಃಖವನ್ನು ಮಾತ್ರ ಬೇರೆಯಾಗಿ ಗುರುತಿಸುತ್ತದೆ, ಅದೂ ಆಯಾ ಸಮಾಜದ ರೂಢಿ ನೋಡಿ. ನಮ್ಮ ಆರು ತಿಂಗಳ ಭೇಟಿ ಅದಕ್ಕೇ. ಸಾಯುವ ಮಾತು ಯಾವಾಗ ಬಂದರೂ ಕಾಯಬಾರದು. ನೇರವಾಗಿ ಕೇಳಿ, ಒಂಟಿಯಾಗಿ ಬಿಡದೆ, ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ಅವತ್ತೇ ತಿಳಿಸಬೇಕು. 14416ರ ಟೆಲಿ ಮಾನಸ್ ಸಹಾಯವಾಣಿಯನ್ನು ಮನೆಯವರ ಫೋನಿನಲ್ಲೇ ಹಾಕಿಕೊಡಬೇಕು.

ಮಂಗಳೂರಿನ ವಿಷಯ ಬಿಟ್ಟರೆ ಪತ್ರ ಪೂರ್ತಿಯಾಗದು. ನಮ್ಮ ರೋಗಿಗಳಲ್ಲಿ ಎಷ್ಟೋ ಜನರ ಚಿಕಿತ್ಸೆ ಅಲ್ಲೇ. 2020ರ ಕೊರೊನಾ ಕಾಲದಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಅದು ಎಲ್ಲರಿಗೂ ಗೊತ್ತಾಯಿತು. ಅಲ್ಲಿ "ಇನ್ನು ಮನೆಗೆ ಕರ್ಕೊಂಡು ಹೋಗಿ" ಎಂದ ಮೇಲೆ ಪಂಚಾಯತಿನ ನರ್ಸಿಗೆ ವಿಷಯ ಮುಟ್ಟುವುದು ಯಾರೋ ಹೇಳಿ, ತಡವಾಗಿ. ಬಿಡುಗಡೆಯ ಚೀಟಿಯಲ್ಲಿ ಮಾರ್ಫಿನ್ ಅಳತೆ, ಎಷ್ಟು ದಿನಕ್ಕೆ ಕೊಟ್ಟಿದೆ, ರೋಗಿಗೆ ಏನು ಹೇಳಲಾಗಿದೆ ಎಂಬ ಮೂರು ಸಾಲು ಇದ್ದರೆ ನಮ್ಮ ಮೊದಲ ಭೇಟಿ ಕತ್ತಲೆಯಲ್ಲಿ ತಡಕಾಡುವುದಾಗುವುದಿಲ್ಲ. ಜಿಲ್ಲಾ ವೈದ್ಯಾಧಿಕಾರಿಗಳು ಅಲ್ಲಿಯ ಆಸ್ಪತ್ರೆಗಳಿಗೆ ಒಂದು ನಮೂನೆ ಕಳಿಸಿ, ಪ್ರತಿ ಪಂಚಾಯತಿನ ಆರೋಗ್ಯ ಕೇಂದ್ರದ ಫೋನ್ ಸಂಖ್ಯೆಯ ಪಟ್ಟಿ ಕೊಡಬಹುದು. ಇದಕ್ಕೆ ಹೊಸ ಕಟ್ಟಡ ಬೇಡ, ಬಜೆಟ್ ಮಂಡನೆಯೂ ಬೇಡ.

ನರ್ಸುಗಳ ಬಗ್ಗೆ ಒಂದೇ ಮಾತು. ಒಂದೇ ವಾರದಲ್ಲಿ ಮೂರು ಸಾವು ನೋಡಿದವರಿಗೆ ತಿಂಗಳಿಗೊಮ್ಮೆ ಕುಳಿತು ಮಾತಾಡುವ ಒಂದು ಮಧ್ಯಾಹ್ನ, ಅನುಭವವಿರುವ ಒಬ್ಬ ಹಿರಿಯರ ಜೊತೆ, ಕೊಡಿ. ಅದನ್ನು ವರದಿ ಪರಿಶೀಲನಾ ಸಭೆಯ ಜೊತೆ ಸೇರಿಸಬೇಡಿ.

ಪಾಲಿಯೇಟಿವ್ ದಿನಾಚರಣೆ ಪ್ರತಿ ವರ್ಷ ಜನವರಿ 15ಕ್ಕೆ. ಬ್ಯಾನರು, ಮೆರವಣಿಗೆ ಆಗಲಿ. ಅದರ ಮೊದಲು ಮೂರು ಭೇಟಿಗಳ ಆದೇಶ, ಮನೆಯವರ ಕೈಗೆ ಕೊಡುವ ಕನ್ನಡದ ಎರಡು ಪುಟದ ಕೈಚೀಟಿ, ತಿಂಗಳ ವರದಿಯಲ್ಲಿ ಸಾವಿನ ನಂತರದ ಭೇಟಿಗೆ ಒಂದು ಸಾಲು ಇಷ್ಟು ಬರಲಿ. ಕೈಚೀಟಿಯ ಕರಡನ್ನು ನಾವೇ ಬರೆದು ಕೊಡಲು ಸಿದ್ಧ. ಉತ್ತರವನ್ನು ಕನ್ನಡದಲ್ಲಿ ಕಳಿಸಿ. ರಾಜ್ಯದ 1969ರ ಭಾಷಾ ಕಾಯಿದೆಯಲ್ಲಿ ಅದಕ್ಕೆ ಅವಕಾಶವಿದೆ.

ಇಂತಿ,
ಕಾಸರಗೋಡು ಗಡಿನಾಡಿನ ಮನೆ ಆರೈಕೆಯ ನರ್ಸುಗಳು, ಆಶಾ ಕಾರ್ಯಕರ್ತೆಯರು ಮತ್ತು ಸ್ವಯಂಸೇವಕರು